ಅರಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಲಾಯದಲ್ಲಿ ಒಂದು ನಾಯಿಮರಿ

ಹೋದ ಸಂಚಿಕೆಯಲ್ಲಿ ಅಮೆರಿಕದ ಲೇಖಕಿ ರಾಬಿನ್ ಹಾಬ್ ಅವರ ಫಾರ್‌ಸೀರ್ ಅನ್ನುವ ಮಾಂತ್ರಿಕ ಕಾದಂಬರಿಗಳ ಬಗ್ಗೆ ಬರೀ ಆರು ಸಾಲು ಬರೆದಿದ್ದೆ. ಅದಕ್ಕೆ 19 ಪತ್ರ ಬಂದಿವೆ. ಕಳೆದ ವರ್ಷ ಇದೇ ಅಂಕಣದಲ್ಲಿ ವಚನಗಳ ಬಗ್ಗೆ ಎರಡು ಪುಟ ಬರೆದಾಗ ಬಂದಿದ್ದು ಮೂರು. ಅದರಲ್ಲೂ ಒಂದು ಚಂದಾ ಹಣದ ವಿಚಾರಕ್ಕೆ! ಇರಲಿ.

ಪುಸ್ತಕ ಓದದವರಿಗಾಗಿ ಕತೆಯ ಎಳೆ ಇಷ್ಟು. ಸಮುದ್ರದ ದಂಡೆಯಲ್ಲಿ ಆರು ಸೀಮೆಗಳ ಒಂದು ರಾಜ್ಯ. ರಾಜ ಶ್ರೂಡ್‌ಗೆ ಮೂವರು ಗಂಡುಮಕ್ಕಳು. ಮೊದಲ ರಾಣಿಯ ಮಕ್ಕಳು ಚಿವಲ್ರಿ ಮತ್ತು ವೆರಿಟಿ, ಎರಡನೇ ರಾಣಿಯ ಮಗ ರೀಗಲ್. ಯುವರಾಜ ಚಿವಲ್ರಿಗೆ ಮದುವೆಯಾಚೆ ಹುಟ್ಟಿದ ಮಗ ಒಬ್ಬನಿದ್ದಾನೆ ಅಂತ ಒಂದು ದಿನ ಬಯಲಾಗುತ್ತದೆ. ಚಿವಲ್ರಿ ಪಟ್ಟ ಬಿಟ್ಟು ಹೊರಟುಹೋಗುತ್ತಾನೆ. ಆ ಹುಡುಗನೇ ನಮಗೆ ಕತೆ ಹೇಳುವ ಫಿಟ್ಜ್. ಮೂರು ಪುಸ್ತಕ, 1995, 1996, 1997ರಲ್ಲಿ ಬಂದವು. ನನ್ನ ಅಕ್ಕನ ಮೊಮ್ಮಗ ರಜೆಗೆ ಬಂದವನು ಮೂರನ್ನೂ ಮಂಚದ ಕೆಳಗೆ ಬಿಟ್ಟು ಹೋಗಿದ್ದ. ಆಷಾಢದ ಮಳೆ, ನಾಲ್ಕು ದಿನ ಕರೆಂಟಿಲ್ಲ. ಓದಿದೆ.

ಈ ಸಲ ಪೂರ್ತಿ ಅಂಕಣ ಇದಕ್ಕೇ. ವಚನದವರು ಕ್ಷಮಿಸಬೇಕು.

ನನ್ನ ಮಗನಿಗೆ 14 ವರ್ಷ. ಎಸ್‌ಎಸ್‌ಎಲ್‌ಸಿ ಮುಂದಿನ ವರ್ಷ. ಪಾಠ ಬಿಟ್ಟು ಈ ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದು ಮಲಗಿರುತ್ತಾನೆ. ಇದರಲ್ಲಿ ಹುಡುಗನೊಬ್ಬ ಕೊಲೆ ಕಲಿಯುತ್ತಾನಂತೆ. ಓದಲು ಬಿಡಬಹುದಾ ಮೇಡಂ?
ಒಬ್ಬ ತಾಯಿ, ಹಾಸನ

ಹೌದು ತಂಗಿ, ಕಲಿಯುತ್ತಾನೆ. ವಿಷ ಅರೆಯುವುದು, ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುವುದು, ಕಂಡಿದ್ದನ್ನು ಮರೆಯದೆ ಇಟ್ಟುಕೊಳ್ಳುವುದು. ಆದರೆ ಕೊಲೆ ಅಂದರೆ ಮಜಾ ಅಂತ ಈ ಪುಸ್ತಕ ಎಲ್ಲೂ ಹೇಳಲ್ಲ. ಆ ಕೆಲಸ ಹುಡುಗನನ್ನು ಹೇಗೆ ಒಳಗೊಳಗೇ ಸವೆಸುತ್ತದೆ ಅನ್ನುವುದೇ ಇಡೀ ಕತೆ. ಮೊದಲ ಪುಸ್ತಕವನ್ನು ಅವನು ಓದಲಿ. ಎರಡನೆಯದರ ಕೊನೆಯಲ್ಲಿ ಸೆರೆಮನೆಯ ಒಂದು ಭಾಗ ಇದೆ, ಹೊಡೆತ ಬಡಿತ ಜಾಸ್ತಿ. 61 ವರ್ಷದ ನಾನೇ ಅಲ್ಲಿ ಪುಸ್ತಕ ಮುಚ್ಚಿ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಅದನ್ನು ಒಂದೆರಡು ವರ್ಷ ಬಿಟ್ಟು ಓದಿದರೂ ನಷ್ಟವಿಲ್ಲ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಕಿತ್ತುಕೊಳ್ಳಬೇಡಿ. ಕಿತ್ತುಕೊಂಡ ಪುಸ್ತಕವನ್ನು ಮಕ್ಕಳು ಎಲ್ಲಿಂದಾದರೂ ತಂದೇ ಓದುತ್ತಾರೆ. 31 ವರ್ಷ ಲೈಬ್ರರಿ ಕೌಂಟರಿನ ಹಿಂದೆ ಕೂತವಳ ಮಾತು ಇದು. "ಅಮ್ಮನಿಗೆ ಹೇಳಬೇಡಿ" ಅಂತ ಕಾರ್ಡು ಚಾಚಿದ ಕೈಗಳನ್ನು ನಾನು ಲೆಕ್ಕ ಇಟ್ಟಿಲ್ಲ.

ಈ ಕಾದಂಬರಿಯಲ್ಲಿ ಬರುವ ಕಾಡು ಮಾಯೆ ಅಂದರೆ ಏನು? ಬೇರೆ ಮಾಂತ್ರಿಕ ಕತೆಗಳಲ್ಲಿ ಇರುವುದಕ್ಕಿಂತ ಹೇಗೆ ಬೇರೆ?
ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಒಳ್ಳೆ ಪ್ರಶ್ನೆ ಮರಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ಎರಡು ವಿದ್ಯೆ ಇವೆ. ಒಂದರ ಹೆಸರು ಸ್ಕಿಲ್, ಇನ್ನೊಂದು ವಿಟ್. ನಾನು ನನ್ನ ಅನುಕೂಲಕ್ಕೆ ಅರಮನೆವಿದ್ಯೆ, ಕಾಡುವಿದ್ಯೆ ಅಂತ ಇಟ್ಟುಕೊಂಡಿದ್ದೇನೆ.

ಅರಮನೆವಿದ್ಯೆ ರಾಜರ ರಕ್ತದಲ್ಲಿ ಬರುವುದು. ಅದು ಇದ್ದವರು ಎಷ್ಟೋ ದೂರದಲ್ಲಿರುವವರ ಮನಸ್ಸನ್ನು ಮುಟ್ಟಬಹುದು, ಅವರಿಗೆ ತಿಳಿಯದ ಹಾಗೆ ತಿರುಗಿಸಬಹುದು. ಕೆಂಪು ಹಡಗುಗಳಲ್ಲಿ ದರೋಡೆಕೋರರು ಬಂದು ದಂಡೆಯ ಊರುಗಳನ್ನು ಸುಡುತ್ತಿರುತ್ತಾರೆ. ವೆರಿಟಿ ಗೋಪುರದ ಕಿಟಕಿಯಲ್ಲಿ ಕೂತು, ಆ ಹಡಗು ನಡೆಸುವವರ ಮನಸ್ಸು ಹೊಕ್ಕು, ದಾರಿ ತಪ್ಪಿಸಿ ಬಂಡೆಗೆ ಹೊಡೆಸುತ್ತಾನೆ. ದಿನಾ ಅದೇ ಕೆಲಸ. ಊಟ ಮರೆಯುತ್ತಾನೆ, ಬಟ್ಟೆ ಸಡಿಲಾಗುತ್ತದೆ, ಕಣ್ಣಿನ ಕೆಳಗೆ ಕಪ್ಪು ಕೂರುತ್ತದೆ. ಆ ವಿದ್ಯೆಗೆ ಒಂದು ಸೆಳೆತವೂ ಇದೆ, ಕುಡಿತದ ಹಾಗೆ. ಮೈಮರೆತವರು ವಾಪಸ್ ಬರುವುದಿಲ್ಲ. ಆದರೂ ಅದು ಮರ್ಯಾದಸ್ತ ವಿದ್ಯೆ. ಗುರುಗಳಿದ್ದಾರೆ, ಪಾಠ ಇದೆ, ಪರೀಕ್ಷೆ ಇದೆ.

ಕಾಡುವಿದ್ಯೆಗೆ ಅದು ಯಾವುದೂ ಇಲ್ಲ. ಪ್ರಾಣಿಯ ಜೊತೆ ಮನಸ್ಸು ಕೂಡುವುದು, ಅಷ್ಟೇ. ಮಂತ್ರವಿಲ್ಲ, ಕೋಲಿಲ್ಲ, ಹೊಗೆ ಬೆಳಕಿಲ್ಲ. ಫಿಟ್ಜ್‌ಗೆ ಆರು ವರ್ಷ ಇರುವಾಗ ಅವನ ಅಮ್ಮನ ಅಪ್ಪ ಅವನನ್ನು ಸೈನ್ಯದ ಠಾಣೆಗೆ ಎಳೆದು ತಂದು, ಕಾವಲುಗಾರನ ಕೈಗೆ ಒಪ್ಪಿಸಿ, ಹಿಂದಿರುಗಿ ನೋಡದೆ ಹೋಗುತ್ತಾನೆ. ಅಪ್ಪನ ಕಡೆಯವರಿಗೆ ಇವನನ್ನು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕೊನೆಗೆ ಕುದುರೆ ಲಾಯ ನೋಡಿಕೊಳ್ಳುವ ಬರಿಚ್ ಅವನನ್ನು ಹುಲ್ಲಿನ ಮೇಲೆ ಬೇಟೆನಾಯಿಗಳ ಪಕ್ಕ ಮಲಗಿಸುತ್ತಾನೆ. ಅಲ್ಲೊಂದು ಮರಿ, ಹೆಸರು ನೋಸಿ. ಅದರ ಬೆಚ್ಚಗಿನ ಹೊಟ್ಟೆಗೆ ಒರಗಿದ ಹುಡುಗನಿಗೆ ತನ್ನ ಮೂಗು ಯಾವುದು, ಅದರ ಮೂಗು ಯಾವುದು ಅನ್ನುವುದೇ ಮರೆತುಹೋಗುತ್ತದೆ. ಮಾಯೆ ಶುರುವಾಗುವುದು ಹೀಗೆ. ಯಾರೂ ಕಲಿಸಲಿಲ್ಲ. ಯಾರೂ ಇಲ್ಲದ ಮಗುವಿಗೆ ಒಂದು ನಾಯಿಮರಿ ಸಿಕ್ಕಿತು.

ಇದನ್ನು ಆ ರಾಜ್ಯದ ಜನ ಹೊಲಸು ಅನ್ನುತ್ತಾರೆ. ಗೊತ್ತಾದರೆ ನೇಣು ಹಾಕಿ, ನೀರಿನ ಮೇಲೆ ಸುಡುತ್ತಾರೆ. ಬರಿಚ್‌ಗೂ ಅದೇ ಭಯ. ಹುಡುಗ ಪ್ರಾಣಿಯಾಗಿಬಿಡುತ್ತಾನೆ ಅಂತ. ಆದರೆ ಆ ವಿದ್ಯೆ ಇರುವವರು ತಮ್ಮನ್ನು ಕರೆದುಕೊಳ್ಳುವುದೇ ಬೇರೆ, "ಹಳೆಯ ರಕ್ತದವರು" ಅಂತ. ಊರು ಇಟ್ಟ ಹೆಸರು ಒಂದು, ಅವರೇ ಇಟ್ಟುಕೊಂಡ ಹೆಸರು ಇನ್ನೊಂದು. ಇದನ್ನು ಓದುವಾಗ ನಮ್ಮ ಊರು ಕೇರಿಗಳು ನೆನಪಾಗದಿದ್ದರೆ ಓದಿ ಏನು ಪ್ರಯೋಜನ, ಅಲ್ವಾ?

ಈಗ ಮುಖ್ಯ ವಿಷಯ. ಕೆಂಪು ಹಡಗಿನವರು ಫೋರ್ಜ್ ಅನ್ನುವ ಊರಿನ ಜನರನ್ನು ಹಿಡಿದುಕೊಂಡು ಹೋಗುತ್ತಾರೆ. ದುಡ್ಡು ಕೊಡಿ ಅನ್ನುತ್ತಾರೆ. ದುಡ್ಡು ಕೊಡದಿದ್ದರೆ ಏನು ಮಾಡುತ್ತಾರಂತೆ ಗೊತ್ತಾ? ಜನರನ್ನು ವಾಪಸ್ ಕಳಿಸುತ್ತಾರಂತೆ! ಇದೆಂಥ ಬೆದರಿಕೆ ಅಂತ ನಾನೂ ನಕ್ಕೆ. ವಾಪಸ್ ಬಂದವರನ್ನು ನೋಡಿದ ಮೇಲೆ ನಗು ನಿಂತಿತು. ಕೈಕಾಲು ನೆಟ್ಟಗಿವೆ, ಹೆಸರು ನೆನಪಿದೆ, ಮನೆ ಗೊತ್ತಿದೆ. ಆದರೆ ಹೆತ್ತ ಮಗುವಿನ ಮೇಲೂ ಎಳ್ಳಷ್ಟು ಮಮತೆ ಇಲ್ಲ. ಹಸಿವಾದರೆ ಪಕ್ಕದವನನ್ನು ಹೊಡೆದು ಕಿತ್ತುಕೊಳ್ಳುತ್ತಾರೆ. ಫಿಟ್ಜ್ ಅವರನ್ನು ದೂರದಿಂದ ನೋಡುವಾಗ ಮೈ ಜುಮ್ಮೆನ್ನುತ್ತದೆ. ಕಾಡುವಿದ್ಯೆಯಿಂದ ಅವನಿಗೆ ಇಲಿ, ಹಕ್ಕಿ, ಕುದುರೆ, ಮನುಷ್ಯ, ಎಲ್ಲ ಜೀವದ ಇರವೂ ಗೊತ್ತಾಗುತ್ತಿತ್ತು. ಈ ಜನ ಇರುವ ಕಡೆ ಏನೂ ಇಲ್ಲ. ಕಣ್ಣಿಗೆ ಕಾಣುತ್ತಾರೆ, ಒಳಗಣ್ಣಿಗೆ ಬರೀ ಬಯಲು.

ಊರಿಗೆ ಬಂದ ಕೇಡನ್ನು ಒಳಗಿನಿಂದ ಗುರುತಿಸಿದ್ದು ಊರು ಹೊಲಸು ಅಂದ ವಿದ್ಯೆ. ಬೇರೆ ಕತೆಗಳಲ್ಲಿ ಮಾಯೆ ಒಂದು ಆಯುಧ. ಇಲ್ಲಿ ಅದು ಒಂದು ಚರ್ಮ, ಎಲ್ಲರಿಗಿಂತ ತೆಳುವಾದ ಚರ್ಮ.

ತೇಜಸ್ವಿ ಅವರ "ಕಿವಿ" ಅನ್ನುವ ಹೆಸರಿನ ನಾಯಿಯ ಕತೆಗಳನ್ನು ಓದಿದ್ದೀರಲ್ಲ? ನಾಯಿಯ ಕಣ್ಣಿಂದ ಕಾಡು ನೋಡುವುದು ನಮಗೆ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ನೇಣು ಹಾಕಲಿಲ್ಲ, ಪುಣ್ಯ.

ನಮ್ಮಲ್ಲಿ ಭರತ-ಬಾಹುಬಲಿ ಇದ್ದಾರೆ, ಕೌರವ-ಪಾಂಡವರಿದ್ದಾರೆ. ಅಣ್ಣತಮ್ಮಂದಿರ ಸಿಂಹಾಸನದ ಜಗಳಕ್ಕೆ ಪರದೇಶದ ಕಾದಂಬರಿ ಯಾಕೆ ಓದಬೇಕು?
ನಿವೃತ್ತ ಕನ್ನಡ ಶಿಕ್ಷಕರು, ತುಮಕೂರು

ಮೇಷ್ಟ್ರೇ, ನಮ್ಮದು ಇದೆ ಅಂತಲೇ ಇದು ನನಗೆ ಬೇಗ ಹಿಡಿಸಿತು. ಫಿಟ್ಜ್ ಬಂದ ಮೊದಲ ಪುಟಕ್ಕೇ ನನಗೆ ಕರ್ಣ ನೆನಪಾದ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಅಂದವನು ಪಂಪ. ನೀವೇ ಪಾಠ ಮಾಡಿರುತ್ತೀರಿ.

ಅದೇ ಪಂಪ 941ರಲ್ಲಿ ಬರೆದ ಆದಿಪುರಾಣದ ಭರತನನ್ನು ನೋಡಿ. ಲೋಕವೆಲ್ಲ ಗೆದ್ದು ಬಂದಿದ್ದಾನೆ. ಊರ ಬಾಗಿಲಲ್ಲಿ ಚಕ್ರ ನಿಂತುಬಿಡುತ್ತದೆ, ಒಳಗೆ ಬರುವುದಿಲ್ಲ. ಯಾಕೆ? ತಮ್ಮಂದಿರು ಇನ್ನೂ ತಲೆ ಬಾಗಿಲ್ಲ. ಉಳಿದ ತಮ್ಮಂದಿರು ರಾಜ್ಯ ಬಿಟ್ಟು ಅಪ್ಪನ ಹತ್ತಿರ ಹೋಗಿ ದೀಕ್ಷೆ ತಗೊಂಡರು. ಬಾಹುಬಲಿ ಒಬ್ಬ ಎದುರು ನಿಂತ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ತಮ್ಮನೇ ಗೆದ್ದ. ಅಣ್ಣ ತಾಳ್ಮೆ ಕಳೆದುಕೊಂಡು ಚಕ್ರ ಬಿಟ್ಟ. ಅದು ಬಾಹುಬಲಿಗೆ ಸುತ್ತು ಬಂದು ಸುಮ್ಮನೆ ಪಕ್ಕದಲ್ಲಿ ನಿಂತಿತು. ನೋಡಿ, ಆಯುಧಕ್ಕೆ ಇದ್ದ ಬುದ್ಧಿ ಅಣ್ಣನಿಗೆ ಇರಲಿಲ್ಲ. ಮಾಯೆ ಅಂದರೆ ನನಗೆ ಅದು. ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರ ನಿಂತವನ ಕಾಲಿಗೆ ಬಳ್ಳಿ ಹಬ್ಬಿದ್ದನ್ನು ನೋಡುವಾಗೆಲ್ಲ ನನಗೆ ಆ ಚಕ್ರವೇ ನೆನಪು.

ಇನ್ನು ಇತಿಹಾಸಕ್ಕೆ ಬಂದರೆ ಕಲ್ಯಾಣದ ಚಾಲುಕ್ಯರು. 1068ರಲ್ಲಿ ಒಂದನೇ ಸೋಮೇಶ್ವರ ಕಾಯಿಲೆ ಗುಣವಾಗದೆ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿ ಮಗ ಎರಡನೇ ಸೋಮೇಶ್ವರನಿಗೆ ಪಟ್ಟವಾಯಿತು. ಎಂಟೇ ವರ್ಷ. 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅವನನ್ನು ಇಳಿಸಿ ತಾನು ಕೂತ, ತನ್ನ ಹೆಸರಲ್ಲಿ ಹೊಸ ಶಕೆಯನ್ನೇ ಶುರು ಮಾಡಿದ. ಆಮೇಲೆ ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಅವನ ಚರಿತೆಯನ್ನು ಸಂಸ್ಕೃತದಲ್ಲಿ ಬರೆದ. ಬಿಲ್ಹಣ ಏನು ಹೇಳುತ್ತಾನೆ? ಅಪ್ಪ ಪಟ್ಟ ಕೊಡುತ್ತೇನೆ ಅಂದಾಗ "ಅಣ್ಣ ಇದ್ದಾನಲ್ಲ" ಅಂತ ವಿಕ್ರಮನೇ ಬೇಡ ಅಂದನಂತೆ. ಆಮೇಲೆ ಅಣ್ಣ ಕೆಟ್ಟನಂತೆ. ಶಿವನೇ ಕಾಣಿಸಿಕೊಂಡು ಯುದ್ಧ ಮಾಡು ಅಂದನಂತೆ. ಸೋಮೇಶ್ವರನ ಕಡೆಯಿಂದ ಬರೆಯುವುದಕ್ಕೆ ಕವಿ ಸಿಗಲಿಲ್ಲ. ಮುಂದೆ ಇನ್ನೊಬ್ಬ ತಮ್ಮ ಜಯಸಿಂಹ ವಿಕ್ರಮನ ಮೇಲೇ ತಿರುಗಿಬಿದ್ದ. ಅದು ಬೇರೆ ಮಾತು. ಅಥವಾ ಅದೇ ಮಾತು.

ಹಾಬ್ ಕಾದಂಬರಿಯ ಪ್ರತಿ ಅಧ್ಯಾಯದ ತಲೆಯಲ್ಲೂ ಒಂದು ಸಣ್ಣ ತುಣುಕು ಇರುತ್ತದೆ, ಅರಮನೆಯ ಇತಿಹಾಸದ ಪುಸ್ತಕದ್ದೋ ಹಳೆಯ ಐತಿಹ್ಯದ್ದೋ ಅನ್ನುವ ಹಾಗೆ. ಅದರ ಕೆಳಗೆ ಫಿಟ್ಜ್ ತನ್ನ ನೆನಪು ಹೇಳುತ್ತಾನೆ. ಎರಡಕ್ಕೂ ತಾಳೆಯಾಗುವುದಿಲ್ಲ. ಮೇಲೆ ಬಿಲ್ಹಣ, ಕೆಳಗೆ ಮನೆಯವರ ಮಾತು. ಇಷ್ಟಕ್ಕಾದರೂ ಓದಿ ಮೇಷ್ಟ್ರೇ.

ಮೂವರು ರಾಜಕುಮಾರರಲ್ಲಿ ನಿಮಗೆ ಯಾರು ಇಷ್ಟ? ರೀಗಲ್ ಪಾತ್ರ ಬರೀ ಖಳನಾಯಕ ಅಂತ ನನಗೆ ಬೇಜಾರು.
ಬ್ಯಾಂಕ್ ಉದ್ಯೋಗಿ, ಮಂಗಳೂರು

ನಿಮ್ಮ ಬೇಜಾರು ಅರ್ಧ ಸರಿ. ರೀಗಲ್‌ಗೆ ಲೇಖಕಿ ಒಂದು ಒಳ್ಳೆ ಗುಣ ಕೊಟ್ಟಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ರೇಷ್ಮೆ ಬಟ್ಟೆ, ಸುಗಂಧ, ಹೊಟ್ಟೆಕಿಚ್ಚು, ಇಷ್ಟರಲ್ಲೇ ಮುಗಿಸಿದ್ದಾರೆ ಅಂತ ನನಗೂ ಅನಿಸಿತು. ನಮ್ಮ ರನ್ನ ಸುಯೋಧನನಿಗೆ ಎಷ್ಟು ಜಾಗ ಕೊಟ್ಟ!

ನನಗೆ ಇಷ್ಟ ವೆರಿಟಿ. ಪಟ್ಟಕ್ಕೆ ತಯಾರಾದವನೇ ಅಲ್ಲ. ಅಣ್ಣ ಚಿವಲ್ರಿ ಪಕ್ಕದಲ್ಲಿದ್ದು ಅವನ ಬಲಗೈ ಆಗಿರುತ್ತೇನೆ ಅಂದುಕೊಂಡಿದ್ದವನು. ಅಣ್ಣ ಹೊರಟುಹೋದ, ಭಾರ ಇವನ ತಲೆಗೆ ಬಿತ್ತು. ನಕ್ಷೆ ಬರೆಯುವುದು ಅವನ ಹುಚ್ಚು. ಶಾಯಿ ಮೆತ್ತಿದ ಬೆರಳಿನ ರಾಜನನ್ನು ನಾನು ಬೇರೆಲ್ಲೂ ಓದಿಲ್ಲ.

ಆದರೆ ನಿಜವಾದ ಅಣ್ಣತಮ್ಮಂದಿರ ಕತೆ ಇನ್ನೊಂದಿದೆ, ಬಹಳ ಜನ ಗಮನಿಸುವುದಿಲ್ಲ. ಒಂದು ರಾತ್ರಿ ಫಿಟ್ಜ್‌ನ ಕೋಣೆಯ ಗೋಡೆಯಲ್ಲಿ ಗುಟ್ಟಿನ ಬಾಗಿಲು ತೆರೆಯುತ್ತದೆ. ಮೆಟ್ಟಿಲು ಹತ್ತಿ ಹೋದರೆ ಮುಖದ ತುಂಬ ಕಲೆಗಳಿರುವ ಮುದುಕ, ಚೇಡ್. ಕೊಲೆಯ ಪಾಠ ಹೇಳಿಕೊಡುವವನು ಅವನೇ. ಅವನು ಯಾರು? ರಾಜ ಶ್ರೂಡ್‌ನ ಅಣ್ಣ, ಮದುವೆಯಾಚೆ ಹುಟ್ಟಿದವನು. ತಮ್ಮ ಕೆಳಗೆ ಸಿಂಹಾಸನದಲ್ಲಿ ಕೂತಿದ್ದಾನೆ, ಅಣ್ಣ ಗೋಡೆಯೊಳಗೆ ಬದುಕುತ್ತಿದ್ದಾನೆ, ಜಗಳವಿಲ್ಲದೆ. ಆ ಮುದುಕ ಹುಡುಗನಿಗೆ ಪ್ರೀತಿಯಿಂದ ವಿಷದ ಗಿಡ ತೋರಿಸುವಾಗ, ಈ ಮನೆತನ ಮಾಡಿದ್ದನ್ನೇ ಮತ್ತೆ ಮಾಡುತ್ತಿದೆ ಅಂತ ಹೊಟ್ಟೆಯಲ್ಲಿ ಕಲಸಿದಂತಾಯಿತು.

ರಾಜ ಶ್ರೂಡ್ ಹುಡುಗನನ್ನು ಕೊಂಡುಕೊಳ್ಳುವ ಸನ್ನಿವೇಶವನ್ನೂ ಇನ್ನೊಮ್ಮೆ ಓದಿ. ಹಬ್ಬದ ಮರುದಿನ ಬೆಳಿಗ್ಗೆ, ಎಂಜಲು ಹರಡಿದ ದೊಡ್ಡ ಹಾಲ್. ಹುಡುಗ ನಾಯಿಮರಿಯ ಜೊತೆ ಮೇಜಿನ ಕೆಳಗೆ ಕೂತು ಉಳಿದದ್ದನ್ನು ಕದ್ದು ತಿನ್ನುತ್ತಿದ್ದಾನೆ. ರಾಜ ರೀಗಲ್‌ಗೆ ಪಾಠ ಹೇಳುತ್ತಾನೆ. ಇಂಥ ಹುಡುಗನನ್ನು ಬೀದಿಗೆ ಬಿಟ್ಟರೆ ಬೇರೆಯವರು ಎತ್ತಿಕೊಂಡು ನಮ್ಮ ಮೇಲೇ ಬಿಡುತ್ತಾರೆ, ನಾವೇ ಇಟ್ಟುಕೊಂಡರೆ ರಾಯಭಾರಿ ಮಾಡಬಹುದು, ಒತ್ತೆ ಇಡಬಹುದು ಅಂತ. ಆಮೇಲೆ ತನ್ನ ಬಟ್ಟೆಯಿಂದ ಕೆಂಪು ಕಲ್ಲಿನ ಬೆಳ್ಳಿ ಪಿನ್ನು ತೆಗೆದು ಹುಡುಗನ ಒರಟು ಅಂಗಿಗೆ ಚುಚ್ಚುತ್ತಾನೆ. ಇನ್ನು ನೀನು ನನ್ನವನು. ಅದು ಪ್ರೀತಿಯಲ್ಲ, ವ್ಯಾಪಾರ. ಆದರೆ ಆ ಮನೆಯಲ್ಲಿ ಹುಡುಗನಿಗೆ ಮುಖ ಕೊಟ್ಟು ಮಾತಾಡಿದ ಮೊದಲ ಹಿರಿಯ ಅವನೇ. ಮಗುವಿಗೆ ಅಷ್ಟೇ ಸಾಕಾಯಿತು.

ವಿಚಿತ್ರ ನೋಡಿ. ಒಬ್ಬರ ಮನಸ್ಸನ್ನು ಒಬ್ಬರು ದೂರದಿಂದಲೇ ಮುಟ್ಟಬಲ್ಲ ಮನೆತನ ಇದು. ಅರಮನೆವಿದ್ಯೆ ಇವರ ರಕ್ತದಲ್ಲೇ ಇದೆ. ಸಮುದ್ರದ ಮೇಲಿನ ಶತ್ರುವಿನ ತಲೆಯೊಳಗೆ ಹೋಗಬಲ್ಲವರಿಗೆ ಊಟದ ಮೇಜಿನಲ್ಲಿ ಎದುರು ಕೂತ ತಮ್ಮನ ತಲೆಯಲ್ಲಿ ಏನಿದೆ ಅಂತ ಗೊತ್ತಿಲ್ಲ.

ಕನ್ನಡದಲ್ಲಿ ಇಂಥದ್ದೊಂದು ಕಾದಂಬರಿ ಬರೆಯುತ್ತಿದ್ದೇನೆ. ಪಾತ್ರಗಳಿಗೆ ಹೆಸರು ಇಡುವುದೇ ಕಷ್ಟವಾಗಿದೆ. ತೋಳದ ಜೊತೆ ಮಾತಾಡುವ ನಾಯಕ. ಸಲಹೆ ಕೊಡಿ ಅಕ್ಕ.
ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೊದಲು ತೋಳದ ವಿಷಯ. ನಿಮ್ಮ ಕತೆ ದಟ್ಟ ಮಳೆಕಾಡಿನಲ್ಲಿ ಅಂತ ಪತ್ರದಲ್ಲಿ ಬರೆದಿದ್ದೀರಿ. ತಮ್ಮಾ, ನಮ್ಮ ತೋಳ ಮಳೆಕಾಡಿನದಲ್ಲ, ಬಯಲುಸೀಮೆಯದು. ಕುರುಚಲು ಗುಡ್ಡ, ಜೋಳದ ಹೊಲದ ಅಂಚು, ಕುರಿಹಟ್ಟಿಯ ಸುತ್ತಮುತ್ತ. ಕೊಪ್ಪಳದ ಕಡೆ ಕುರಿ ಕಾಯುವವರ ಜೊತೆ ಒಂದು ರಾತ್ರಿ ಕೂತು ಬನ್ನಿ, ಕತೆ ತಾನಾಗೇ ಬರುತ್ತದೆ. ಮಳೆಕಾಡೇ ಬೇಕು ಅಂದರೆ ನಮ್ಮ ಶರಾವತಿ ಕಣಿವೆಯ ಸಿಂಗಳೀಕ ಇಲ್ಲವಾ? ಮಂಗಟ್ಟೆ ಹಕ್ಕಿ ಇಲ್ಲವಾ? ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ತನ್ನನ್ನು ತಾನೇ ಮುಚ್ಚಿಕೊಂಡು ಕೂರುತ್ತದೆ. ಸಣ್ಣ ಸಂದಿಯಲ್ಲಿ ಗಂಡು ಹಣ್ಣು ತಂದು ಕೊಡುತ್ತದೆ. ಅದರ ಮನಸ್ಸಿನೊಳಗೆ ಹೋಗುವ ಹುಡುಗಿಯನ್ನು ಬರೆಯಿರಿ, ನಾನೇ ಮೊದಲ ಓದುಗಿ.

ಹೆಸರು. ಹಾಬ್ ರಾಜ್ಯದಲ್ಲಿ ರಾಜಮನೆತನದ ಮಕ್ಕಳಿಗೆ ಗುಣದ ಹೆಸರು ಇಡುತ್ತಾರೆ. ಸತ್ಯ, ಸಹನೆ, ಚಾಣಾಕ್ಷತನ ಅನ್ನುವ ಹಾಗೆ. ಮಗುವನ್ನು ಬೆಂಕಿಯ ಮೇಲೆ ಹಾಯಿಸಿ, ಉಪ್ಪುನೀರಲ್ಲಿ ಅದ್ದಿ, ಗಾಳಿಗೆ ಒಡ್ಡಿದರೆ ಹೆಸರು ಮೈಗೆ ಹತ್ತಿ, ಆ ಗುಣವೇ ಬರುತ್ತದೆ ಅಂತ ಅವರ ನಂಬಿಕೆ. ಹುಡುಗ ಫಿಟ್ಜ್‌ಗೆ ಮಾತ್ರ ಹೆಸರೇ ಇಲ್ಲ. ಫಿಟ್ಜ್ ಅಂದರೆ ಇಂಥವರ ಮಗ ಅಂತ, ಅದೂ ಕದ್ದು ಹುಟ್ಟಿದ ಮಗ. ಬರಿಚ್ ಕರೆಯುವುದಕ್ಕೆ ಏನಾದರೂ ಬೇಕಲ್ಲ ಅಂತ ಇಟ್ಟಿದ್ದು. ನಮ್ಮಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪಯ್ಯ, ಗುಂಡ ಅಂತ ಕರೆಯುತ್ತಿದ್ದರಲ್ಲ, ಯಮನ ಕಣ್ಣು ಬೀಳದಿರಲಿ ಅಂತ. ಅದರ ಒಳಗೂ ಒಂದು ಮಾಯೆ ಇದೆ. ಗಂಭೀರಸಿಂಹ, ರುದ್ರಪ್ರತಾಪ ಎಲ್ಲ ಬಿಟ್ಟು ಅಲ್ಲಿಂದ ಹುಡುಕಿ.

ಇನ್ನೊಂದು ತಮಾಷೆ ಹೇಳುತ್ತೇನೆ. ಎರಡನೇ ಪುಸ್ತಕದಲ್ಲಿ ಫಿಟ್ಜ್ ಸಂತೆಯಲ್ಲಿ ಪಂಜರದಲ್ಲಿದ್ದ ಒಂದು ತೋಳದ ಮರಿಯನ್ನು ದುಡ್ಡು ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ನೈಟ್‌ಐಸ್ ಅದರ ಹೆಸರು. ಅದು ಅವನನ್ನು ಬ್ರದರ್ ಅನ್ನುತ್ತದೆ. ನಾನು ಆ ಪುಟವನ್ನು ಕನ್ನಡಕ್ಕೆ ಮಾಡಲು ಹೋಗಿ ಅರ್ಧ ದಿನ ಕೂತೆ. ಅಣ್ಣ ಅನ್ನಲಾ, ತಮ್ಮ ಅನ್ನಲಾ? ವಯಸ್ಸು ನೋಡಿದರೆ ತೋಳ ಚಿಕ್ಕದು. ಬುದ್ಧಿ ನೋಡಿದರೆ ತೋಳವೇ ದೊಡ್ಡದು. ಬೇಟೆಗೆ ಹೋದಾಗ ಅದು ಅಣ್ಣ, ಚಳಿಯಲ್ಲಿ ಒತ್ತಿ ಮಲಗಿದಾಗ ತಮ್ಮ. ಸಹೋದರ ಅಂತ ಬರೆದು ನೋಡಿದೆ. ತೋಳ ಭಾಷಣಕ್ಕೆ ನಿಂತ ಹಾಗಾಯಿತು! ಕೊನೆಗೆ ತೋಳದ ಬಾಯಲ್ಲಿ "ತಮ್ಮಾ" ಅಂತಲೂ, ಫಿಟ್ಜ್ ಬಾಯಲ್ಲೂ "ತಮ್ಮಾ" ಅಂತಲೂ ಹಾಕಿದೆ. ಇಬ್ಬರೂ ತಾನೇ ದೊಡ್ಡವನು ಅಂದುಕೊಂಡಿದ್ದಾರೆ, ಇರಲಿ.

ಒಂದು ಮಾತ್ರ ಗಮನಿಸಿ. ಕನ್ನಡದಲ್ಲಿ ಕರೆದ ಕೂಡಲೇ ಯಾರು ಮೇಲೆ, ಯಾರು ಕೆಳಗೆ ಅಂತ ಗೊತ್ತಾಗಿಬಿಡುತ್ತದೆ. ಸಿಂಹಾಸನದ ಅರ್ಧ ಜಗಳ ನಮ್ಮ ಮಾತಿನೊಳಗೇ ಕೂತಿದೆ. ಬರೆಯುವವರಿಗೆ ಅದು ಬಂಡವಾಳ.

ಒಟ್ಟು ಎಷ್ಟು ಪುಸ್ತಕ? ಯಾವುದರಿಂದ ಶುರು ಮಾಡಬೇಕು?
ಓದುಗ, ಕಲಬುರಗಿ

ಆ ಲೋಕದ ಕಾದಂಬರಿಗಳು ಒಟ್ಟು 16. ಕೊನೆಯದು 2017ರಲ್ಲಿ ಬಂತು. 1995ರ ಮೊದಲನೆಯದರಿಂದಲೇ ಶುರು ಮಾಡಿ. ನಾನು ಓದಿದ್ದು ಒಂಬತ್ತು, ಉಳಿದ ಏಳಕ್ಕೆ ಮುಂದಿನ ಮಳೆಗಾಲ ಇದೆ.

ತೋಳ ಸಾಯುತ್ತಾ? ಅಷ್ಟು ಹೇಳಿ, ಆಮೇಲೆ ಪುಸ್ತಕ ಕೊಳ್ಳಬೇಕೋ ಬೇಡವೋ ನಿರ್ಧರಿಸುತ್ತೇನೆ.
ಗೃಹಿಣಿ, ಶಿರಸಿ

ಹೇಳಲ್ಲ.

ಬೆಟ್ಟದ ರಾಜ್ಯದ ರಾಜಕುಮಾರಿ ಕೆಟ್ರಿಕೆನ್ ಬಗ್ಗೆ ನೀವು ಒಂದು ಸಾಲೂ ಬರೆಯಲಿಲ್ಲ. ಯಾಕೆ?
ಉಪನ್ಯಾಸಕಿ, ಮೈಸೂರು

ತಪ್ಪಾಯಿತು. ಬೆಟ್ಟದವರು ತಮ್ಮ ದೊರೆಗೆ ರಾಜ ಅನ್ನುವುದಿಲ್ಲ, ಬಲಿ ಅನ್ನುತ್ತಾರೆ. ಜನರಿಗಾಗಿ ಮೊದಲು ಕೊಟ್ಟುಕೊಳ್ಳಬೇಕಾದವರು ಅಂತ ಅರ್ಥ. ಅಂಥ ಮನೆಯಿಂದ ಬಂದ ಹುಡುಗಿ ವೆರಿಟಿಯನ್ನು ಮದುವೆಯಾಗಿ ಈ ಅರಮನೆಗೆ ಬರುತ್ತಾಳೆ. ಇಲ್ಲಿ ರಾಣಿಯಾದವಳು ಸುಮ್ನೆ ಕೂತಿರಬೇಕು, ಅಲಂಕಾರ ಮಾಡಿಕೊಂಡಿರಬೇಕು. ಅವಳಿಗೆ ಅರ್ಥವೇ ಆಗುವುದಿಲ್ಲ. ಇಡೀ ಕತೆಯಲ್ಲಿ ಅಣ್ಣತಂಗಿ ಪ್ರೀತಿ ನೆಟ್ಟಗಿರುವುದು ಅವಳ ತವರಲ್ಲಿ ಮಾತ್ರ, ಅವಳಿಗೂ ಅವಳ ಅಣ್ಣ ರುರಿಸ್ಕ್‌ಗೂ ನಡುವೆ. ಆ ಅಧ್ಯಾಯಗಳ ಬಗ್ಗೆ ಜಾಸ್ತಿ ಹೇಳಿದರೆ ಶಿರಸಿಯವರು ಪುಸ್ತಕ ಕೊಳ್ಳುವುದಿಲ್ಲ.

ಮೇಡಂ, ನಾನು ಕಾದಂಬರಿ ಓದುವವನಲ್ಲ. ಹೋದ ಸಲ ನಿಮ್ಮ ಆರು ಸಾಲು ಓದಿ ಬರೆಯುತ್ತಿದ್ದೇನೆ. ನಮ್ಮಲ್ಲೂ ಅಣ್ಣನಿಗೂ ನನಗೂ ತೋಟದ ಹಿಸ್ಸೆಯಲ್ಲಿ ಮಾತು ಬಿಟ್ಟು ಆರು ವರ್ಷ. ಕತೆಯಲ್ಲಿ ಯಾರು ಸರಿ, ಅಣ್ಣನೋ ತಮ್ಮನೋ?
ಅಡಿಕೆ ಬೆಳೆಗಾರ, ಹೊಸನಗರ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕತೆಯದ್ದು ಬಿಡಿ, ನಮ್ಮ ಮನೆಯದ್ದು ಹೇಳುತ್ತೇನೆ.

ನನಗೆ ಇಬ್ಬರು ಅಣ್ಣಂದಿರು. ಸಾಗರದ ಹತ್ತಿರ ಎರಡು ಎಕರೆ ತೋಟ, ಹಳೇ ಮನೆ. ಅಪ್ಪ ತೀರಿಕೊಂಡ ವರ್ಷವೇ ಹಿಸ್ಸೆ ಆಯಿತು. ತೋಟ ಸುಲಭವಾಗಿ ಭಾಗವಾಯಿತು. ತಕರಾರು ಬಂದಿದ್ದು ತಾಮ್ರದ ಹಂಡೆಗೆ, ಆಮೇಲೆ ಬಾವಿಗೆ. ಪಂಚಾಯ್ತಿಯವರು ನಾಲ್ಕು ಸಲ ಬಂದು ಉಂಡು ಹೋದರು. ಕೊನೆಗೆ ಜಗಲಿಯ ನಡುವೆ ಇಟ್ಟಿಗೆ ಗೋಡೆ ಎದ್ದಿತು. ಕಂಬದಿಂದ ಕಂಬಕ್ಕೆ ದಾರ ಹಿಡಿದು ಅಳತೆ ಮಾಡಿದ್ದರು, ಒಂದು ಅಂಗುಲ ಹೆಚ್ಚು ಕಡಿಮೆ ಇಲ್ಲ.

ನಾಯಿ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಕರಿಯ ಅಂತ ಹೆಸರು, ಊರ ನಾಯಿಯ ಮರಿ. ಅದಕ್ಕೆ ಗೋಡೆ ಅಂದರೆ ಸುತ್ತಿಕೊಂಡು ಹೋಗಬೇಕಾದ ಒಂದು ವಸ್ತು, ಅಷ್ಟೇ. ಬೆಳಿಗ್ಗೆ ದೊಡ್ಡಣ್ಣನ ಅಂಗಳದಲ್ಲಿ ದೋಸೆಯ ಚೂರು. ಮಧ್ಯಾಹ್ನ ಸಣ್ಣಣ್ಣನ ಕೊಟ್ಟಿಗೆಯಲ್ಲಿ ನಿದ್ದೆ. ರಾತ್ರಿ ಗೋಡೆಯ ತುದಿಯಲ್ಲಿ, ಎರಡು ಬಾಗಿಲೂ ಕಾಣುವ ಹಾಗೆ ಮಲಗುತ್ತಿತ್ತು. ದೊಡ್ಡಣ್ಣನಿಗೆ ಜ್ವರ ಬಂದ ವಾರ ಅದು ಆ ಕಡೆಯಿಂದ ಕದಲಲಿಲ್ಲ. ಸಣ್ಣಣ್ಣ ಅತ್ತಿಗೆಯ ಹತ್ತಿರ "ಆ ಮನೇಲಿ ಯಾರಿಗೋ ಹುಷಾರಿಲ್ಲ" ಅಂದನಂತೆ. ನಾಯಿ ನೋಡಿ ಗೊತ್ತಾಯಿತು ಅವನಿಗೆ. ಆ ದಿನ ಸಂಜೆ ಗೋಡೆಯ ತುದಿಯಲ್ಲಿ ಒಂದು ಪಾತ್ರೆ ಗಂಜಿ, ಮುಚ್ಚಳ ಮುಚ್ಚಿ ಇಟ್ಟಿತ್ತು. ಯಾರು ಇಟ್ಟರು ಅಂತ ಯಾರೂ ಕೇಳಲಿಲ್ಲ.

ಒಂಬತ್ತನೇ ವರ್ಷಕ್ಕೆ ಕರಿಯ ಸತ್ತಿತು. ನಾನು ಅವತ್ತು ಊರಲ್ಲೇ ಇದ್ದೆ. ಇಬ್ಬರೂ ಗುದ್ದಲಿ ಹಿಡಿದುಕೊಂಡೇ ಬಂದರು, ಹಿತ್ತಲ ಹಲಸಿನ ಮರದ ಕೆಳಗೆ. ಹೇಳಿಕೊಂಡು ಬಂದಿದ್ದಲ್ಲ. ಸಣ್ಣಣ್ಣ ಅಗೆದ. ದೊಡ್ಡಣ್ಣ ಮಣ್ಣು ಎತ್ತಿ ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಣ್ಣ "ಇನ್ನೊಂದು ಮೊಳ ಆಳ ಬೇಕು" ಅಂದ. ಸಣ್ಣಣ್ಣ "ಹೂಂ" ಅಂದ. ಒಂಬತ್ತು ವರ್ಷದಲ್ಲಿ ಇಬ್ಬರ ನಡುವೆ ಆದ ಮಾತು ಅಷ್ಟೇ. ಮರುದಿನದಿಂದ ಮತ್ತೆ ಮಾತಿಲ್ಲ.

ನೀವು ಕೇಳಿದ್ದು ಯಾರು ಸರಿ ಅಂತ. ನಮ್ಮ ಹಂಡೆಯ ವಿಷಯದಲ್ಲೂ ಅದು ಇನ್ನೂ ತೀರ್ಮಾನ ಆಗಿಲ್ಲ. ಹಂಡೆ ನನ್ನ ಮನೆಯಲ್ಲಿದೆ.